ಎಳೆ ಸರ ಡೇಂಟಿ, ಕಾಸಿನ ಸರ ಡೇಂಟಿ ಅಲ್ಲ: ಒಂದು ಇಂಗ್ಲಿಷ್ ಪದವನ್ನು ಬಳಸುವ ಬಗೆ

ಮಂಡ್ಯದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮನೆಯಿಂದಲೇ ಬೆಳ್ಳಿ ಒಡವೆ, ಒಂದು ಗ್ರಾಂ ಚಿನ್ನದ ಒಡವೆ ಮಾರುತ್ತಾಳೆ. ಫೋಟೋ ತೆಗೆದು ವಾಟ್ಸಾಪ್‌ಗೂ ಇನ್‌ಸ್ಟಾಗ್ರಾಂಗೂ ಹಾಕುತ್ತಾಳೆ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯುತ್ತಾಳೆ. ಹೋದ ದಸರಾ ಹೊತ್ತಿಗೆ ಒಂದು ಕಾಸಿನ ಸರದ ಫೋಟೋ ಹಾಕಿ, ಕೆಳಗೆ ‘ಡೇಂಟಿ ನೆಕ್ಲೇಸ್’ ಅಂತ ಬರೆದಿದ್ದಳು. ಎದೆ ತುಂಬ ಬರುವ ಸರ ಅದು. ಬೆಂಗಳೂರಿನ ಒಬ್ಬ ಗಿರಾಕಿ ಆ ಪದವನ್ನೇ ನಂಬಿ, ಆಫೀಸಿಗೆ ದಿನಾ ಹಾಕಿಕೊಳ್ಳಬಹುದು ಅಂತ ತರಿಸಿಕೊಂಡರು. ಡಬ್ಬಿ ತೆರೆದು ನೋಡಿದ ಮೇಲೆ ಸರ ವಾಪಸ್ ಬಂತು. ಕೊರಿಯರ್ ದುಡ್ಡು ಇವಳ ಕೈಯಿಂದಲೇ ಹೋಯಿತು.

“ಅಕ್ಕಾ, ಡೇಂಟಿ ಅಂದ್ರೆ ಚೆಂದ ಅಂತ ತಾನೆ? ಎಲ್ರೂ ಬರೀತಾವ್ರೆ, ನಾನೂ ಬರೆದ್ಬುಟ್ಟೆ” ಅಂದಳು.

ಅವಳ ತಪ್ಪೇನೂ ದೊಡ್ಡದಲ್ಲ. ನಿಘಂಟು ತೆಗೆದರೆ ‘ಚೆಲುವಾದ’, ‘ಸೊಗಸಾದ’ ಅಂತಲೇ ಇರುತ್ತದೆ. ಆದರೆ ಎಂಥ ಚೆಲುವು ಅನ್ನುವುದು ಆ ಒಂದು ಪದದಿಂದ ಗೊತ್ತಾಗುವುದಿಲ್ಲ. ನಾನು ಮೈಸೂರಿನಲ್ಲಿ ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪದದ ಬಗ್ಗೆ ನನ್ನನ್ನು ಕೇಳಿದವರು ಇವಳೊಬ್ಬಳೇ ಅಲ್ಲ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಾಯಿಗೆ ಕೂರಿಸಿಕೊಳ್ಳಿ

ಕಾಗುಣಿತ ಹೀಗೆ: ಡಿ, ಎ, ಐ, ಎನ್, ಟಿ, ವೈ. ಒಟ್ಟು ಆರು ಅಕ್ಷರ. ‘ಎ’ ಮತ್ತು ‘ಐ’ ಜೊತೆಗಿರುವುದನ್ನು ನೋಡಿ ಕೆಲವರು ‘ಡೈಂಟಿ’ ಅಂತ ಓದುತ್ತಾರೆ. ರೇನ್, ಪೇನ್, ಟ್ರೇನ್ ಪದಗಳಲ್ಲೂ ಇದೇ ಜೋಡಿ ಇದೆ, ಅಲ್ವಾ? ಅಲ್ಲಿ ಹೇಗೆ ‘ಏ’ ಅಂತೀರೋ ಇಲ್ಲೂ ಹಾಗೇ. ಡೇಂಟಿ. ಒತ್ತು ಮೊದಲ ಭಾಗಕ್ಕೆ. ‘ಟಿ’ಯನ್ನು ಎಳೆಯಬೇಡಿ.

ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ

ಒಂದು ವಸ್ತುವನ್ನು ಡೇಂಟಿ ಅನ್ನಬಹುದೋ ಇಲ್ಲವೋ ತಿಳಿಯಲು ಮೂರು ಪ್ರಶ್ನೆ ಸಾಕು. ಅದು ಪುಟ್ಟದಾ? ನವಿರಾಗಿದೆಯಾ? ಅಂದರೆ ತೆಳುವಾಗಿ, ನಯವಾಗಿ, ಒರಟಿಲ್ಲದೆ ಇದೆಯಾ? ನೋಡೋಕೆ ಚೆಂದಾನಾ? ಮೂರಕ್ಕೂ ಹೌದು ಅಂತ ಬಂದರೆ ಧೈರ್ಯವಾಗಿ ಬಳಸಿ. ಒಂದಕ್ಕೆ ಇಲ್ಲ ಅಂತ ಬಂದರೂ ಬೇರೆ ಪದ ಹುಡುಕಿ.

ನನ್ನ ಮಕ್ಕಳನ್ನು, ಅಂದರೆ ಪಾಠಕ್ಕೆ ಬರುವ ಮಕ್ಕಳನ್ನು, ಒಮ್ಮೆ ದೇವರಾಜ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿದ್ದೆ. ಪದ ಕಲಿಯೋಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೂವಿನ ಸಾಲಿನಲ್ಲಿ ನಿಂತು ಕೇಳಿದೆ, ಇಲ್ಲಿ ಯಾವುದು ಡೇಂಟಿ? ಒಬ್ಬ ಚೆಂಡುಹೂವಿನ ರಾಶಿ ತೋರಿಸಿದ. ಚೆಂದ ಇದೆ, ಸರಿ. ಪುಟ್ಟದಾ? ಅಲ್ಲ. ನವಿರಾ? ಅದೂ ಅಲ್ಲ, ಗುಂಡಗೆ ತುಂಬಿಕೊಂಡ ಹೂವು ಅದು. ಒಬ್ಬ ಹುಡುಗಿ ಮೈಸೂರು ಮಲ್ಲಿಗೆ ಮೊಗ್ಗು ತೋರಿಸಿದಳು. ಪುಟ್ಟದು, ಎಸಳು ತೆಳು, ನೋಡಿದರೆ ಕಣ್ಣಿಗೆ ಹಿತ. ಅದೇ ಡೇಂಟಿ. ಆದರೆ ಅದೇ ಮಲ್ಲಿಗೆಯನ್ನು ಒತ್ತಾಗಿ ಕಟ್ಟಿ ದೇವರಿಗೆ ಹಾಕುವ ದಪ್ಪ ಹಾರ ಮಾಡಿದರೆ? ಹಾರ ಡೇಂಟಿ ಅಲ್ಲ. ಒಳಗಿರುವ ಒಂದೊಂದು ಮೊಗ್ಗೂ ಡೇಂಟಿ. ಈ ವ್ಯತ್ಯಾಸ ಆ ಹುಡುಗಿಗೆ ಥಟ್ಟನೆ ಹೊಳೆಯಿತು. ನನಗೆ ಬಹಳ ಖುಷಿಯಾಯಿತು.

ಒಡವೆಯಲ್ಲೂ ಲೆಕ್ಕ ಇದೇ. ಒಂದೆಳೆ ಸರ, ಸಣ್ಣ ಹರಳಿನ ಓಲೆ, ಮೂಗುಬೊಟ್ಟು, ತೆಳು ಕಾಲುಂಗುರ, ಇವೆಲ್ಲ ಡೇಂಟಿ. ಕಾಸಿನ ಸರ, ವಂಕಿ, ಡಾಬು, ಗಟ್ಟಿ ಬಳೆ, ಇವು ಅಲ್ಲ. ಎಷ್ಟೇ ಚೆಂದ ಇದ್ದರೂ ಅಲ್ಲ. ಜುಮಕಿ ಮಧ್ಯದಲ್ಲಿ ನಿಲ್ಲುತ್ತದೆ. ಕಡಲೆಕಾಳಿನಷ್ಟು ಗಾತ್ರದ್ದಾದರೆ ಡೇಂಟಿ, ಭುಜಕ್ಕೆ ತಾಗುವಂಥದ್ದಾದರೆ ಅಲ್ಲ. ಈಗ ಆನ್‌ಲೈನ್ ಅಂಗಡಿಗಳಲ್ಲಿ ‘ಡೇಂಟಿ ಚೈನ್’, ‘ಡೇಂಟಿ ರಿಂಗ್’ ಅಂತ ಹುಡುಕುವವರು ತೆಳುವಾದ, ಹಗುರವಾದ, ದಿನಾ ಹಾಕಿಕೊಳ್ಳುವ ಒಡವೆಯನ್ನೇ ಹುಡುಕುತ್ತಿರುತ್ತಾರೆ. ಒಡವೆ ಮಾರುವವರಿಗೆ ಇದು ಸುಮ್ನೆ ಅಲಂಕಾರದ ಪದವಲ್ಲ. ಅಳತೆ ಹೇಳುವ ಪದ. ನನ್ನ ತಂಗಿಯ ಸರ ವಾಪಸ್ ಬಂದದ್ದು ಅದಕ್ಕೇ.

ಗಾತ್ರದ ಮಾತು ಬಂದಿದ್ದಕ್ಕೆ ಇನ್ನೊಂದು. ಕೊಕ್ಕರೆಬೆಳ್ಳೂರಿಗೆ ಹೋದರೆ ಮರದ ಮೇಲೆ ಹೆಜ್ಜಾರ್ಲೆಗಳು ಕೂತಿರುತ್ತವೆ. ದೊಡ್ಡ ಮೈ, ಕೊಕ್ಕಿನ ಕೆಳಗೆ ಚೀಲ. ನೋಡಲು ಸೊಗಸು, ಆದರೆ ಡೇಂಟಿ ಅಲ್ಲ. ಅದೇ ಊರಿನ ಹಿತ್ತಿಲಲ್ಲಿ ದಾಸವಾಳದ ಹೂವಿಗೆ ಬರುವ ಸೂರಕ್ಕಿ ಇದೆಯಲ್ಲ, ಅದು ಡೇಂಟಿ.

‘ನಾಜೂಕು’ ಅಂದುಕೊಂಡರೆ ಸಾಕಾ?

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಯಾವುದು ಅಂತ ಕೇಳಿದರೆ ನಾನು ‘ನಾಜೂಕು’ ಅನ್ನುತ್ತೇನೆ. ಪಾರಸಿಯಿಂದ ಬಂದದ್ದು, ಆದರೆ ನಮ್ಮದಾಗಿ ಎಷ್ಟೋ ಕಾಲ ಆಯಿತು. ‘ಕೋಮಲ’ದಲ್ಲಿ ಮೆತ್ತಗಿನ ಭಾವ ಜಾಸ್ತಿ. ‘ಮುದ್ದಾದ’ದಲ್ಲಿ ಪ್ರೀತಿ ಜಾಸ್ತಿ. ‘ಸೊಗಸು’ ಎಲ್ಲದಕ್ಕೂ ಸಲ್ಲುತ್ತದೆ, ಆನೆಗೂ ಸಲ್ಲುತ್ತದೆ. ‘ಕುಸುರಿ’ ಕೆಲಸದ ಬಗ್ಗೆ ಹೇಳುತ್ತದೆ, ರೂಪದ ಬಗ್ಗೆ ಅಲ್ಲ. ‘ನಾಜೂಕು’ ಒಂದರಲ್ಲೇ ಪುಟ್ಟ, ತೆಳು, ಚೆಂದ ಮೂರೂ ಸೇರಿವೆ.

ಆದರೆ ಇಲ್ಲೇ ಎಡವುವುದು. ನಾವು ‘ನಾಜೂಕು’ ಪದವನ್ನು ನಾಲ್ಕು ಕಡೆ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಆ ನಾಲ್ಕಕ್ಕೂ ಒಂದೇ ಪದ ಇಲ್ಲ.

‘ನಾಜೂಕಾದ ಉಂಗುರ’ ಅಂದಾಗ ಡೇಂಟಿ ಸರಿ.

‘ಇದು ಸ್ವಲ್ಪ ನಾಜೂಕಾದ ವಿಷಯ, ಭಾವ, ಮದುವೆ ಮನೇಲಿ ಎತ್ತೋದು ಬೇಡ’ ಅಂತೀವಲ್ಲ, ಅಲ್ಲಿ ಡೇಂಟಿ ಬರುವುದಿಲ್ಲ. ಅದು ‘ಡೆಲಿಕೇಟ್ ಮ್ಯಾಟರ್’. ಸೂಕ್ಷ್ಮ ವಿಷಯಕ್ಕೆ ಗಾತ್ರವೂ ಇಲ್ಲ, ಅಂದವೂ ಇಲ್ಲ.

‘ಸಾಲದ ಮಾತು ಬಂದ ತಕ್ಷಣ ನಾಜೂಕಾಗಿ ಜಾರಿಕೊಂಡ’ ಅನ್ನುವಾಗಲೂ ಡೇಂಟಿ ಅಲ್ಲ. ಅಲ್ಲಿ ‘ಸ್ಮೂತ್ಲಿ’ ಅಥವಾ ‘ಟ್ಯಾಕ್ಟ್‌ಫುಲಿ’ ಬೇಕು.

ನಾಲ್ಕನೆಯದು ನನಗೆ ತುಂಬ ಇಷ್ಟ. ಊಟಕ್ಕೆ ಕೂತರೆ ಇದು ಖಾರ, ಅದು ಎಣ್ಣೆ, ಮುದ್ದೆ ಕೈಗೆ ಅಂಟುತ್ತೆ ಅನ್ನುವವನನ್ನು ನಮ್ಮ ಕಡೆ ‘ನಾಜೂಕಯ್ಯ’ ಅನ್ನುತ್ತಾರೆ. ಇಂಗ್ಲಿಷಿನಲ್ಲೂ ಡೇಂಟಿ ಪದಕ್ಕೆ ಈ ಅರ್ಥ ಇದೆ! ‘ಹೀ ಈಸ್ ವೆರಿ ಡೇಂಟಿ ಅಬೌಟ್ ಹಿಸ್ ಫುಡ್’ ಅಂದರೆ ಊಟದಲ್ಲಿ ಅವನದು ತೀರ ಆಯ್ಕೆ ಅಂತ. ಇದು ಈಗ ಸ್ವಲ್ಪ ಹಳೆಯ ಬಳಕೆ. ಮಾತಿನಲ್ಲಿ ಇಂದು ‘ಫಸ್ಸಿ’ ಅಥವಾ ‘ಪಿಕಿ’ ಜಾಸ್ತಿ. ಆದರೆ ಪುಸ್ತಕ ಓದುವಾಗ ಎದುರಾಗುತ್ತದೆ. ಆಗ ‘ಚೆಲುವಾದ’ ಅಂತ ಅರ್ಥ ಮಾಡಿಕೊಂಡರೆ ವಾಕ್ಯ ಕೈಕೊಡುತ್ತದೆ. ‘ಡೇಂಟಿ’ ಪದ ಆದ ಮೇಲೆ ‘ಅಬೌಟ್’ ಕಂಡರೆ ನಾಜೂಕಯ್ಯನನ್ನು ನೆನೆಸಿಕೊಳ್ಳಿ.

ಹತ್ತಿರದ ಪದಗಳನ್ನು ಬೇರೆ ಮಾಡಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಗೊಂದಲ ಡೆಲಿಕೇಟ್ ಜೊತೆ. ಡೆಲಿಕೇಟ್ ಅಂದರೆ ಬೇಗ ಹಾಳಾಗುವಂಥದ್ದು, ಜೋಪಾನ ಬೇಕಾದದ್ದು ಅನ್ನುವ ಅರ್ಥವೂ ಇದೆ. ಡೇಂಟಿಯಲ್ಲಿ ಆ ಆತಂಕ ಇಲ್ಲ. ಮದುವೆ ಊಟದ ಚಿರೋಟಿ ನೋಡಿ. ಪದರ ಪದರ, ಮುಟ್ಟಿದರೆ ಪುಡಿ. ಅದರ ಪದರಗಳು ಡೆಲಿಕೇಟ್. ಆದರೆ ಎಲೆಯ ಮೇಲೆ ಅಂಗೈಯಗಲ ಬಂದು ಕೂರುವ ಚಿರೋಟಿ ಡೇಂಟಿ ಅಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ನೋಡಿ. ಪುಟ್ಟ ಗಿಣಿ, ಪುಟ್ಟ ಹೂವು, ಪುಟ್ಟ ತುಳಸಿಕಟ್ಟೆ. ಗಟ್ಟಿಯಾಗಿರುತ್ತದೆ, ಹಲ್ಲಿಗೆ ಕಟಕ್ ಅನ್ನುತ್ತದೆ. ಡೆಲಿಕೇಟ್ ಅಲ್ಲ. ಆದರೂ ಡೇಂಟಿ.

ಈ ಎರಡನ್ನು ಕಲಸಿಕೊಂಡು ನಾನೇ ಒಮ್ಮೆ ಒಬ್ಬರ ಮನಸ್ಸು ನೋಯಿಸಿದ್ದೇನೆ. ಆಗ ನನಗೆ ಇಪ್ಪತ್ತೆರಡು ವರ್ಷ. ಗೆಳತಿಯ ತಾಯಿ ತಿಂಗಳುಗಟ್ಟಲೆ ಕಾಯಿಲೆ ಮಲಗಿ ಎದ್ದಿದ್ದರು. ತುಂಬ ಸೊರಗಿದ್ದರು. ನೋಡಿಕೊಂಡು ಬಂದ ಮೇಲೆ ಗೆಳತಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ‘ಯುವರ್ ಮದರ್ ಲುಕ್ಸ್ ಸೋ ಡೇಂಟಿ ನೌ’ ಅಂತ. ಅಮ್ಮ ಎಷ್ಟು ಬಡವಾಗಿದ್ದಾರೆ, ಜೋಪಾನ ಮಾಡು ಅನ್ನುವುದು ನನ್ನ ಮನಸ್ಸಿನಲ್ಲಿ ಇದ್ದದ್ದು. ಅವಳಿಗೆ ಕಂಡದ್ದು ಬೇರೆ. ಕಾಯಿಲೆಯಿಂದ ಇಳಿದ ಮೈಯನ್ನು ನಾನು ‘ಮುದ್ದಾಗಿ ಕಾಣುತ್ತೆ’ ಅಂದ ಹಾಗೆ ಆಯಿತು. ಎರಡು ವಾರ ಅವಳು ಮಾತಾಡಲಿಲ್ಲ. ಮನೆಗೆ ಹೋಗಿ, ಕ್ಷಮಿಸು, ನನಗೆ ಪದ ಗೊತ್ತಿರಲಿಲ್ಲ ಅಂದೆ. ಅಲ್ಲಿ ನಾನು ಬರೆಯಬೇಕಿದ್ದದ್ದು ‘ವೀಕ್’ ಅಥವಾ ‘ಫ್ರೇಲ್’. ಡೇಂಟಿ ಸಾಮಾನ್ಯವಾಗಿ ಮೆಚ್ಚಿಕೊಂಡು ಹೇಳುವ ರೂಪದ ಮಾತು. ನೋವಿನ ಜಾಗದಲ್ಲಿ ಅದನ್ನು ಇಡಬೇಡಿ.

ಇನ್ನು ಪೆಟೀಟ್. ಇದು ಫ್ರೆಂಚಿನಿಂದ ಬಂದದ್ದು, ‘ಚಿಕ್ಕ’ ಅಂತ ಅರ್ಥ, ಅದರಲ್ಲೂ ಸ್ತ್ರೀಲಿಂಗ ರೂಪ. ಇಂಗ್ಲಿಷಿನಲ್ಲಿ ಎತ್ತರ ಕಡಿಮೆ ಇರುವ, ಸಣ್ಣ ಮೈಕಟ್ಟಿನ ಹೆಂಗಸರ ಬಗ್ಗೆ ಹೇಳುತ್ತಾರೆ. ಅಮೆರಿಕದ ಬಟ್ಟೆ ಅಂಗಡಿಗಳಲ್ಲಿ ಇದು ಅಳತೆಯ ಹೆಸರೂ ಹೌದು, ಸಾಮಾನ್ಯವಾಗಿ 5 ಅಡಿ 4 ಇಂಚು ಮತ್ತು ಅದಕ್ಕಿಂತ ಕಡಿಮೆ ಎತ್ತರದವರಿಗೆ. ಪೆಟೀಟ್ ಅನ್ನುವುದು ಮೈ ಅಳತೆ. ಡೇಂಟಿ ಅನ್ನುವುದು ಚಹರೆ, ನಡೆ, ಕೈಬೆರಳು, ತೊಟ್ಟ ಒಡವೆ ಇವುಗಳ ನವಿರು.

ಕ್ಯೂಟ್ ಅಂದರೆ ನೋಡಿದ ತಕ್ಷಣ ಮುದ್ದು ಬರುವಂಥದ್ದು. ದುಂಡು ಕೆನ್ನೆಯ ಕೂಸು ಕ್ಯೂಟ್, ಡೇಂಟಿ ಅಲ್ಲ. ಎಲಿಗೆಂಟ್‌ನಲ್ಲಿ ಒಂದು ಘನತೆ ಇದೆ, ಅದಕ್ಕೆ ಗಾತ್ರದ ಮಿತಿ ಇಲ್ಲ. ಸರಿಗೆ ಅಂಚಿನ ಮೈಸೂರು ರೇಷ್ಮೆ ಸೀರೆ ಉಟ್ಟು ನಿಂತ ನಿಮ್ಮ ಅತ್ತೆ ಎಲಿಗೆಂಟ್. ಆ ಸೀರೆ ಆರು ಗಜ ಉದ್ದ ಇದೆ, ಅದನ್ನು ಡೇಂಟಿ ಅಂದರೆ ಹೊಂದುವುದಿಲ್ಲ. ಅದರ ಸೆರಗಿನಲ್ಲಿರುವ ಒಂದು ಪುಟ್ಟ ಮಾವಿನಕಾಯಿ ಬುಟ್ಟಾ ಬೇಕಾದರೆ ಡೇಂಟಿ.

ಎಕ್ಸ್‌ಕ್ವಿಸಿಟ್ ಪದವನ್ನು ವಿವರಿಸಲು ನಾನು ಸೋಮನಾಥಪುರದ ಹೆಸರು ಹೇಳುತ್ತೇನೆ. 13ನೇ ಶತಮಾನದಲ್ಲಿ ಕಟ್ಟಿದ ಕೇಶವ ದೇವಸ್ಥಾನ. 2023ರಲ್ಲಿ ಬೇಲೂರು, ಹಳೇಬೀಡಿನ ದೇವಸ್ಥಾನಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಬಳಪದ ಕಲ್ಲಿನಲ್ಲಿ ಮಲ್ಲಿತಮ್ಮನಂಥ ರೂವಾರಿಗಳು ಕಡೆದ ಗೋಡೆ ಮುಂದೆ ನಿಂತು ‘ಡೇಂಟಿ’ ಅಂದರೆ ಅಷ್ಟು ದೊಡ್ಡ ಕೆಲಸವನ್ನು ಕುಗ್ಗಿಸಿದ ಹಾಗೆ. ಅಲ್ಲಿ ‘ಎಕ್ಸ್‌ಕ್ವಿಸಿಟ್’ ಅನ್ನಿ. ಹೋಲಿಕೆಯೇ ಇಲ್ಲದಷ್ಟು ನಯವಾದ ಕೆಲಸ ಅಂತ ಅರ್ಥ. ಇನ್ನೂ ಹತ್ತಿರ ಹೋಗಿ. ಒಂದು ವಿಗ್ರಹದ ಬೆರಳು ನೋಡಿ, ಬೆರಳಿನ ಮೇಲಿನ ಉಂಗುರ ನೋಡಿ. ಅಷ್ಟನ್ನೇ ನೋಡಿ ‘ವಾಟ್ ಎ ಡೇಂಟಿ ರಿಂಗ್’ ಅಂದರೆ ಒಪ್ಪುತ್ತದೆ.

ಈ ಪದಕ್ಕೆ ಕುಗ್ಗಿಸುವ ಗುಣ ಇದೆ ಅನ್ನುವುದನ್ನು ಮರೆಯಬೇಡಿ. ಚಿಕ್ಕದಾಗಿರುವುದೇ ಯಾವುದಕ್ಕೆ ಅಂದವೋ ಅದಕ್ಕೆ ಮಾತ್ರ ಇದು ಹೊಗಳಿಕೆ. ಮೈಸೂರು ಶೈಲಿಯ ಚಿತ್ರಗಳನ್ನು ನೋಡಿದ್ದೀರಾ? ತಂಜಾವೂರು ಚಿತ್ರಗಳಲ್ಲಿ ಚಿನ್ನದ ಕೆಲಸ ಉಬ್ಬಿಕೊಂಡು ಕಾಣುತ್ತದೆ, ಹರಳೂ ಇರುತ್ತದೆ. ನಮ್ಮದರಲ್ಲಿ ಉಬ್ಬು ಬಹಳ ಕಡಿಮೆ, ಗೆರೆ ಕೂದಲೆಳೆಯಷ್ಟು ತೆಳು. ಅಷ್ಟಾದರೂ ನಾನು ಆ ಚಿತ್ರವನ್ನು ಡೇಂಟಿ ಅನ್ನುವುದಿಲ್ಲ. ‘ಡೆಲಿಕೇಟ್ ಲೈನ್ಸ್’ ಅನ್ನುತ್ತೇನೆ. ಒಬ್ಬ ಕಲಾವಿದರ ತಿಂಗಳುಗಳ ಶ್ರಮಕ್ಕೆ ಡೇಂಟಿ ಸಾಲದು ಅಂತ ನನ್ನ ಅಭಿಪ್ರಾಯ. ಬೇರೆಯವರು ಒಪ್ಪದೆ ಇರಬಹುದು.

ಮನುಷ್ಯರ ಬಗ್ಗೆ ಬಳಸುವಾಗ

ಡೇಂಟಿಯನ್ನು ಹೆಚ್ಚಾಗಿ ಹೆಣ್ಣುಮಕ್ಕಳ ಬಗ್ಗೆಯೇ ಬಳಸುತ್ತಾರೆ. ಗಂಡಸಿನ ಬಗ್ಗೆ ಹೇಳಿದರೆ ಅಣಕದ ಹಾಗೆ ಕೇಳಬಹುದು. ಹೆಂಗಸರ ಬಗ್ಗೆಯೂ ನಿಧಾನಿಸಿ. ಕೆಲಸದ ಜಾಗದಲ್ಲಿ ಜೊತೆಯವರಿಗೆ ‘ಯು ಆರ್ ಸೋ ಡೇಂಟಿ’ ಅನ್ನುವುದು ಬೇಡವೇ ಬೇಡ. ಅದು ಮೈ ಬಗ್ಗೆ ಆಡಿದ ಮಾತಾಗುತ್ತದೆ. ಜೊತೆಗೆ, ಇವಳಿಂದ ಭಾರದ ಕೆಲಸ ಆಗದು ಅನ್ನುವ ಧ್ವನಿಯೂ ಒಳಗೆ ಸೇರಿಕೊಳ್ಳುತ್ತದೆ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಬೆಳಗಿನಿಂದ ಕೆಲಸ ಮಾಡಿ, ಸಂಜೆ ಮೂಗುಬೊಟ್ಟು ಮಿನುಗಿಸಿಕೊಂಡು ಸಂತೆಗೆ ಬರುವ ಹೆಂಗಸನ್ನು ನೋಡಿ. ಮೂಗುಬೊಟ್ಟು ಡೇಂಟಿ. ಅವರನ್ನು ಡೇಂಟಿ ಅಂದರೆ ಅವರ ಕಸುವನ್ನು ನೋಡಲಿಲ್ಲ ಅಂತ ಅರ್ಥ.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಜನರ ಬಗ್ಗೆ ಹೇಳುವ ಬದಲು ಅವರು ತೊಟ್ಟದ್ದರ ಬಗ್ಗೆ, ಅವರು ಮಾಡಿದ ಕೆಲಸದ ಬಗ್ಗೆ ಹೇಳಿ. ‘ಯುವರ್ ಇಯರಿಂಗ್ಸ್ ಆರ್ ಸೋ ಡೇಂಟಿ’ ಅಂದರೆ ಯಾರಿಗೂ ಮುಜುಗರ ಇಲ್ಲ. ತುಂಬ ಹತ್ತಿರದವರಿಗೆ, ಮನೆಯ ಹುಡುಗಿಗೆ, ‘ಡೇಂಟಿ ಹ್ಯಾಂಡ್ಸ್’, ‘ಡೇಂಟಿ ಫೀಟ್’ ಅನ್ನಬಹುದು. ಭರತನಾಟ್ಯ ಕಲಿಯುವ ಪುಟ್ಟ ಹುಡುಗಿಯ ಹೆಜ್ಜೆಗೆ ‘ಡೇಂಟಿ ಸ್ಟೆಪ್ಸ್’ ಸರಿ. ಸಭೆಯಲ್ಲಿ ನಟುವಾಂಗದ ತಾಳಕ್ಕೆ ಅರೆಮಂಡಿ ಕೂತು, ಅಂದರೆ ಮಂಡಿ ಅರ್ಧ ಮಡಿಸಿ, ಗಟ್ಟಿಯಾಗಿ ತಟ್ಟುವ ಹೆಜ್ಜೆಗೆ ಸರಿಯಲ್ಲ.

ವಾಕ್ಯದಲ್ಲಿ ಕೂರಿಸುವುದು

ಇಲ್ಲಿ ಕಷ್ಟ ಏನಿಲ್ಲ. ನಾಮಪದಕ್ಕಿಂತ ಮೊದಲು ಬರುತ್ತದೆ: ‘ಎ ಡೇಂಟಿ ಕಪ್’. ಕ್ರಿಯಾಪದ ಆದ ಮೇಲೂ ಬರುತ್ತದೆ: ‘ದ ಕಪ್ ಈಸ್ ಡೇಂಟಿ’. ಡೇಂಟಿಗೆ ಮೊದಲು ‘ಆ್ಯನ್’ ಅಲ್ಲ, ‘ಎ’ ಹಾಕಬೇಕು.

ಒಂದೇ ವಸ್ತುವಿಗೆ ಎರಡು ಮೂರು ವಿಶೇಷಣ ಬಂದಾಗ ಮಾತ್ರ ಗಮನ ಕೊಡಿ. ನಮ್ಮ ಅಭಿಪ್ರಾಯ ಹೇಳುವ ಪದ ಮೊದಲು, ಬಣ್ಣ ಆಮೇಲೆ, ಯಾವ ಲೋಹ, ಯಾವ ಬಟ್ಟೆ ಅನ್ನುವುದು ಕೊನೆಗೆ. ಆದ್ದರಿಂದ ‘ಎ ಡೇಂಟಿ ಸಿಲ್ವರ್ ಚೈನ್’ ಸರಿ. ‘ಎ ಸಿಲ್ವರ್ ಡೇಂಟಿ ಚೈನ್’ ಕಿವಿಗೆ ಒಗ್ಗುವುದಿಲ್ಲ. ಜಾಹೀರಾತು ಬರೆಯುವವರು ಈ ಒಂದು ಸಾಲನ್ನು ಎದುರಿಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಹೋಲಿಸುವಾಗ ‘ವೈ’ ಹೋಗಿ ‘ಐ’ ಬರುತ್ತದೆ. ಡೇಂಟಿಯರ್, ಡೇಂಟಿಯೆಸ್ಟ್. ‘ಮೋರ್ ಡೇಂಟಿಯರ್’ ಅಂತ ಎರಡು ಸಲ ಹೇಳಬೇಡಿ. ಗುಣದ ಹೆಸರು ಡೇಂಟಿನೆಸ್.

ಕೆಲಸ ಮಾಡುವ ರೀತಿ ಹೇಳಲು ‘ಡೇಂಟಿಲಿ’ ಇದೆ. ಈ ರೂಪ ನನಗೆ ಬಹಳ ಇಷ್ಟ, ಯಾಕೆಂದರೆ ಇಲ್ಲಿ ಗಾತ್ರದ ಕಟ್ಟು ಸಡಿಲವಾಗುತ್ತದೆ. ದಸರಾ ಆನೆ ನೋಡಿ. ಸುಮಾರು 750 ಕೆಜಿ ಅಂಬಾರಿ ಹೊರುವ ಪ್ರಾಣಿ. ಅದನ್ನು ಡೇಂಟಿ ಅನ್ನೋಕೆ ಆಗುತ್ತದಾ? ಇಲ್ಲ. ಆದರೆ ಮಾವುತ ಅಂಗೈ ಮೇಲೆ ಬೆಲ್ಲದ ಚೂರು ಇಟ್ಟು ಚಾಚಿದಾಗ ಏನಾಗುತ್ತದೆ? ಏಷ್ಯಾದ ಆನೆಯ ಸೊಂಡಿಲ ತುದಿಯಲ್ಲಿ ಬೆರಳಿನಂಥ ಒಂದು ಚಾಚು ಇದೆ. ಅದರಿಂದ ಆ ಚೂರನ್ನು ಮೆಲ್ಲಗೆ, ಅಂಗೈಗೆ ತಾಗಿಯೂ ತಾಗದ ಹಾಗೆ ಎತ್ತಿಕೊಳ್ಳುತ್ತದೆ. ‘ದಿ ಎಲಿಫೆಂಟ್ ಡೇಂಟಿಲಿ ಪಿಕ್ಡ್ ಅಪ್ ದ ಜ್ಯಾಗರಿ’. ಮಾಡುವವರು ದೊಡ್ಡವರಾಗಿರಬಹುದು, ಮಾಡುವ ರೀತಿ ನವಿರಾಗಿದ್ದರೆ ಸಾಕು. ಸಂಕ್ರಾಂತಿ ಎಳ್ಳಿಗೆ ಅಜ್ಜಿ ಕೊಬ್ಬರಿ, ಬೆಲ್ಲ ಹೆಚ್ಚುತ್ತಾರಲ್ಲ, ಒಂದೊಂದು ಚೂರೂ ಒಂದೇ ಅಳತೆ. ಅದೂ ‘ಡೇಂಟಿಲಿ ಕಟ್’.

ನಾಲಿಗೆಯಿಂದ ಕಣ್ಣಿಗೆ ಬಂದ ಪದ

ಪದದ ಹಿಂದಿನ ಕಥೆ ಗೊತ್ತಿದ್ದರೆ ಬಳಕೆ ಮರೆಯುವುದಿಲ್ಲ. ಲ್ಯಾಟಿನ್‌ನಲ್ಲಿ ‘ಡಿಗ್ನಿಟಾಸ್’ ಅಂದರೆ ಯೋಗ್ಯತೆ, ಘನತೆ. ಅದು ಹಳೆಯ ಫ್ರೆಂಚಿನಲ್ಲಿ ಸವೆದು, 13ನೇ ಶತಮಾನದಲ್ಲಿ ಇಂಗ್ಲಿಷಿಗೆ ‘ಡೇಂಟಿ’ ಆಗಿ ಬಂತು. ಅದೇ ಲ್ಯಾಟಿನ್ ಪದದಿಂದ ಬಂದ ಇನ್ನೊಂದು ಇಂಗ್ಲಿಷ್ ಪದ ‘ಡಿಗ್ನಿಟಿ’. ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಊರಿಗೆ ಸೊಸೆಯಾಗಿ ಹೋದ ಅಕ್ಕತಂಗಿಯರ ಹಾಗೆ.

ಮೊದಲಲ್ಲಿ ಡೇಂಟಿ ನಾಮಪದ. ಬೆಲೆಯುಳ್ಳದ್ದು, ಖುಷಿ ಕೊಡುವಂಥದ್ದು, ಅದರಲ್ಲೂ ಅಪರೂಪದ ರುಚಿಯಾದ ತಿನಿಸು. ರೂಪದ ಅರ್ಥ ಆಮೇಲೆ ಬೆಳೆಯಿತು. ಅಂದರೆ ಮೊದಲು ನಾಲಿಗೆಗೆ, ನಂತರ ಕಣ್ಣಿಗೆ. ನಮ್ಮಲ್ಲೂ ಇಂಥದ್ದೊಂದು ನಂಟು ಇದೆ. ‘ರುಚಿ’ ಅಂದರೆ ನಮಗೆ ನಾಲಿಗೆಯದು. ಸಂಸ್ಕೃತದಲ್ಲಿ ಅದಕ್ಕೆ ಕಾಂತಿ ಅನ್ನುವ ಅರ್ಥವೂ ಇದೆ. ‘ರುಚಿರ’ ಅಂದರೆ ಸುಂದರ. ನಾಲಿಗೆ ಮತ್ತು ಕಣ್ಣು ಒಂದೇ ಪದವನ್ನು ಹಂಚಿಕೊಳ್ಳುವುದು ಇಂಗ್ಲಿಷಿನವರಿಗೆ ಮಾತ್ರ ಬಂದ ಯೋಚನೆ ಅಲ್ಲ.

ಆ ಹಳೆಯ ಅರ್ಥ ಪೂರ್ತಿ ಹೋಗಿಲ್ಲ. ಬಹುವಚನದಲ್ಲಿ ‘ಡೇಂಟೀಸ್’ ಅಂದರೆ ಇವತ್ತಿಗೂ ಪುಟ್ಟ ಪುಟ್ಟ ಒಳ್ಳೆಯ ತಿಂಡಿಗಳು. ಕೆನಡಾದ ಮ್ಯಾನಿಟೋಬ, ಸಸ್ಕಾಚೆವಾನ್ ಕಡೆ ಮದುವೆಯಲ್ಲಿ, ನೆಂಟರು ಸೇರಿದ ಕೂಟಗಳಲ್ಲಿ ತಟ್ಟೆಯಲ್ಲಿ ಜೋಡಿಸಿಡುವ ಸಣ್ಣ ಸಿಹಿಗಳಿಗೆ ಇದೇ ಹೆಸರು. ನಮ್ಮಲ್ಲಿ ಇದಕ್ಕೆ ಏನು ಒಪ್ಪುತ್ತದೆ? ಮೈಸೂರು ಪಾಕನ್ನು ಬೆರಳಗಲ ಕತ್ತರಿಸಿ ಬೆಳ್ಳಿ ಬಟ್ಟಲಲ್ಲಿ ಇಟ್ಟರೆ ಒಪ್ಪುತ್ತದೆ. ಮದ್ದೂರು ವಡೆಗೆ ಒಪ್ಪುವುದಿಲ್ಲ. ರೈಲಿನಲ್ಲಿ ಕೂತು ಎರಡು ಕೈಯಲ್ಲೂ ಹಿಡಿದು ಕರುಂ ಕುರುಂ ಅಂತ ತಿನ್ನುವ ವಡೆ ಅದು, ಅದರ ಸುಖವೇ ಬೇರೆ. ‘ಟೇಸ್ಟಿ’ ಅನ್ನುವ ಜಾಗದಲ್ಲಿ ಡೇಂಟಿ ಹಾಕಬೇಡಿ. ರುಚಿ ಇದ್ದರೆ ಸಾಲದು, ಗಾತ್ರವೂ ಜೋಡಣೆಯೂ ನಾಜೂಕಾಗಿರಬೇಕು.

ಬರೆದು ನೋಡಿ

ಕೊನೆಗೆ ಕೈಯಾಡಿಸಬೇಕು. ಮನೆಯಲ್ಲಿರುವ ಐದು ವಸ್ತು ಎದುರಿಗಿಟ್ಟುಕೊಳ್ಳಿ. ಕುಂಕುಮದ ಬಟ್ಟಲು, ಕಾಫಿ ಲೋಟ, ದಸರಾ ಬೊಂಬೆ, ಗೆಜ್ಜೆ, ರಾಗಿ ಬೀಸುವ ಕಲ್ಲು, ಏನಾದರೂ ಸರಿ. ಮೂರು ಪ್ರಶ್ನೆ ಕೇಳಿ. ಪಾಸಾದದ್ದಕ್ಕೆ ಒಂದು ವಾಕ್ಯ ಬರೆಯಿರಿ. ಪಾಸಾಗದಿದ್ದರೆ ಯಾವ ಪ್ರಶ್ನೆಯಲ್ಲಿ ಬಿತ್ತು ಅಂತ ನೋಡಿ, ಅದಕ್ಕೆ ಒಪ್ಪುವ ಬೇರೆ ಪದ ಹಾಕಿ. ಬೀಸುವ ಕಲ್ಲಿಗೆ ‘ಸ್ಟರ್ಡಿ’. ಪಟ್ಟದ ಬೊಂಬೆಗೆ ‘ಸ್ಟೇಟ್ಲಿ’. ಅದರ ಕೆಳಗಿನ ಮೆಟ್ಟಿಲಲ್ಲಿ ಕೂತ ಬೆರಳುದ್ದದ ತರಕಾರಿ ಅಂಗಡಿ ಬೊಂಬೆಗೆ, ಅದರ ತಕ್ಕಡಿಗೆ, ಡೇಂಟಿ.

ನನ್ನ ತಂಗಿ ಅವತ್ತು ರಾತ್ರಿಯೇ ಕೂತು ತನ್ನ ಎಲ್ಲ ಸಾಲುಗಳನ್ನೂ ತಿದ್ದಿದಳು. ಕಾಸಿನ ಸರಕ್ಕೆ ‘ಟ್ರೆಡಿಷನಲ್ ಟೆಂಪಲ್ ನೆಕ್ಲೇಸ್, ಹೆವಿ ಲುಕ್’ ಅಂತ ಬರೆದಳು. ಅಂಥದ್ದನ್ನೇ ಹುಡುಕುತ್ತಿದ್ದ ನಾಗಮಂಗಲದ ಒಬ್ಬರು ಮಗಳ ಮದುವೆಗೆ ಅಂತ ಕೊಂಡುಕೊಂಡರು. ಬೆಳ್ಳಿಯ ಎಳೆ ಸರಕ್ಕೆ ‘ಎ ಡೇಂಟಿ ಸಿಲ್ವರ್ ಚೈನ್ ಫಾರ್ ಎವ್ರಿಡೇ ವೇರ್’ ಅಂತ ಬರೆದು ನನಗೆ ಕಳಿಸಿದಳು. ಪದಗಳ ಸಾಲು ಸರಿ ಇತ್ತು.

ಮಾರನೇ ದಿನ ಇನ್ನೊಂದು ಫೋಟೋ ಬಂತು. ನಮ್ಮ ಅಜ್ಜಿಯ ಕಾಲದ ಮೂಗುಬೊಟ್ಟು, ಒಂದೇ ಕೆಂಪು ಹರಳು, ಸಾಸಿವೆಗಿಂತ ಸ್ವಲ್ಪ ದೊಡ್ಡದು. “ಇದಕ್ಕೆ ಹಾಕ್ಬೋದಾ ಅಕ್ಕಾ?” ಅಂತ ಕೇಳಿದ್ದಳು.

“ಹಾಕು. ಆದ್ರೆ ಅದನ್ನ ಮಾರ್ಬೇಡ ಕಣೇ” ಅಂತ ಬರೆದೆ.